ಕೋಳಿಮರಿ ತರುವ ಮುನ್ನ ಬೆಚ್ಚಗಿನ ಜಾಗ ಸಿದ್ಧವಿರಲಿ

ತಾಯಿಕೋಳಿಯ ಕಾವಿನಲ್ಲಿ 21 ದಿನಕ್ಕೆ ಒಡೆದು ಬಂದ ಜವಾರಿ ಮರಿಗಳನ್ನು ತಾಯಿಯೇ ರೆಕ್ಕೆಯಡಿ ಇಟ್ಟುಕೊಂಡು ಕಾಯುತ್ತದೆ. ಆದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪಿಸಿದ ಗಿರಿರಾಜದಂಥ ತಳಿಯ ಒಂದು ದಿನದ ಮರಿಗಳನ್ನು ಪೆಟ್ಟಿಗೆಯಲ್ಲಿ ಮನೆಗೆ ತಂದಾಗ ಆ ರೆಕ್ಕೆಯ ಕೆಲಸ ನಮ್ಮದಾಗುತ್ತದೆ. ಮೊದಲ ವಾರ ಮರಿ ಸತ್ತರೆ ಔಷಧಿ ಹುಡುಕುವುದಕ್ಕಿಂತ ಮೊದಲು ಶಾಖವನ್ನೂ ನೆಲವನ್ನೂ ಪರೀಕ್ಷಿಸಬೇಕು.

ನೆಲದಿಂದಲೇ ಆರಂಭಿಸೋಣ. ಕಲಬುರಗಿ ಭಾಗದ ಮನೆಗಳಲ್ಲಿ ಬಹುತೇಕ ಶಹಾಬಾದ್ ಕಲ್ಲಿನ ಹಾಸು ಇರುತ್ತದೆ. ಬೇಸಿಗೆಯಲ್ಲಿ ನಮಗೆ ಹಿತವೆನಿಸುವ ಆ ಕಲ್ಲು ಬೀದರಿನ ಡಿಸೆಂಬರ್ ರಾತ್ರಿಯಲ್ಲಿ ಮರಿಯ ಹೊಟ್ಟೆಯ ಶಾಖವನ್ನೆಲ್ಲ ಹೀರುತ್ತದೆ. ಅದರ ನುಣುಪಿನ ಮೇಲೆ ಕಾಲು ಜಾರಿ ಎರಡು ಬದಿಗೆ ಅಗಲಿಸಿಕೊಂಡ ಮರಿ ಮತ್ತೆ ನೆಟ್ಟಗೆ ನಿಲ್ಲುವುದೇ ಕಷ್ಟ. ಆದ್ದರಿಂದ ಎರಡು ಮೂರು ಇಂಚು ದಪ್ಪ ಒಣಗಿದ ಭತ್ತದ ಹೊಟ್ಟನ್ನು ಅಥವಾ ಪುಡಿಮಾಡಿದ ಶೇಂಗಾ ಸಿಪ್ಪೆಯನ್ನು ಹರಡಿ, ಮರಿಗಳು ಅದನ್ನೇ ಕಾಳೆಂದು ತಿನ್ನದಂತೆ ಮೊದಲ ಎರಡು ಮೂರು ದಿನ ಮೇಲೆ ಗೋಣಿತಟ್ಟು ಹಾಸಬೇಕು. ಹಲವರು ಹಾಸುವ ಹಳೆಯ ಪತ್ರಿಕೆಯೂ ಜಾರುತ್ತದೆ. ಸುತ್ತಲೂ ಒಂದೂವರೆ ಅಡಿ ಎತ್ತರದ ರಟ್ಟನ್ನು ದುಂಡಗೆ ನಿಲ್ಲಿಸಬೇಕು. ಮೂಲೆ ಇದ್ದರೆ ಮರಿಗಳು ಅಲ್ಲಿ ಒಂದರ ಮೇಲೊಂದು ಬಿದ್ದು ಉಸಿರುಗಟ್ಟುತ್ತವೆ.

ಐವತ್ತು ಮರಿಗಳಿಗೆ 60 ವ್ಯಾಟಿನ ಎರಡು ಬಲ್ಬುಗಳು ಸಾಕು. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆಯೇ ಹೊರತು ಶಾಖ ಕೊಡುವುದಿಲ್ಲವಾದ್ದರಿಂದ ಹಳೆಯ ತಂತಿಯ ಬಲ್ಬನ್ನೇ ಹುಡುಕಿ ತರಬೇಕು. ಮರಿ ಬರುವ ಕೆಲವು ಗಂಟೆ ಮೊದಲೇ ಅದನ್ನು ಹಚ್ಚಿಟ್ಟು, ಮರಿಯ ಬೆನ್ನಿನ ಮಟ್ಟದಲ್ಲಿ ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್ ಇರುವಂತೆ ನೋಡಿಕೊಂಡು, ಬಳಿಕ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತ ಹೋಗಬೇಕು. ಮಾಪಕಕ್ಕಿಂತ ಮರಿಗಳನ್ನೇ ನಂಬುವುದು ಒಳ್ಳೆಯದು. ಬಲ್ಬಿನ ಕೆಳಗೆ ಗುಂಪುಗೂಡಿ ಒಂದೇ ಸಮನೆ ಚಿಂವ್‌ಗುಟ್ಟಿದರೆ ಅವುಗಳಿಗೆ ಚಳಿಯಾಗಿದೆ. ರೆಕ್ಕೆ ಬಿಚ್ಚಿ, ಬಾಯಿ ತೆರೆದು ಅಂಚಿಗೆ ಸರಿದರೆ ಸೆಕೆಯಾಗಿದೆ. ಎಲ್ಲ ಕಡೆ ಹರಡಿ ಕೆಲವು ಮೇಯುತ್ತ, ಕೆಲವು ಕಾಲು ಚಾಚಿ ಮಲಗಿದ್ದರೆ ಶಾಖ ಸರಿಯಾಗಿದೆ. ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುವುದರಿಂದ ಹಗಲು ಬಲ್ಬು ಬೇಡ. ರಾತ್ರಿ ಕರೆಂಟು ಹೋದರೆ ಬಿಸಿನೀರು ತುಂಬಿದ ಕೊಡಕ್ಕೆ ಗೋಣಿ ಸುತ್ತಿ ನಡುವೆ ಇಡಬಹುದು. ಮುಚ್ಚಿದ ಕೋಣೆಯಲ್ಲಿ ಕೆಂಡವನ್ನಾಗಲಿ ಕುಳ್ಳಿನ ಬೆಂಕಿಯನ್ನಾಗಲಿ ಇಡಲೇಬಾರದು.

ಮರಿಗಳು ಬಂದ ಕೂಡಲೇ ಕಾಳು ಹಾಕಬಾರದು, ಮೊದಲು ನೀರು. ಒಂದೊಂದೇ ಮರಿಯನ್ನು ಅಂಗೈಯಲ್ಲಿ ಹಿಡಿದು ಕೊಕ್ಕಿನ ತುದಿಯನ್ನಷ್ಟೇ ನೀರಿಗೆ ಮುಟ್ಟಿಸಿದರೆ ಅದು ತಲೆಯೆತ್ತಿ ಗುಟುಕರಿಸುತ್ತದೆ, ಮುಂದೆ ತಾನೇ ಕುಡಿಯುತ್ತದೆ. ದೂರದಿಂದ ಬಂದು ಬಳಲಿದ್ದರೆ ಮೊದಲ ಕೆಲವು ಗಂಟೆ ನೀರಿಗೆ ಸ್ವಲ್ಪ ಬೆಲ್ಲ ಬೆರೆಸಬಹುದು. ಎರಡು ಮೂರು ಗಂಟೆಯ ನಂತರ ಮೆಕ್ಕೆಜೋಳದ ರವೆಯನ್ನು ತಟ್ಟೆಯಲ್ಲಿ ಹರಡಿ, ಮರುದಿನದಿಂದ ಮರಿಗಳಿಗೆಂದೇ ತಯಾರಿಸಿದ ಆಹಾರವನ್ನು ಕೊಡಬೇಕು. ಬರೀ ಜೋಳದ ನುಚ್ಚು, ಸಜ್ಜೆ ಹಾಕಿದರೆ ಪ್ರೋಟೀನ್ ಸಾಲದೆ ಮರಿ ಕುಂಠಿತವಾಗುತ್ತದೆ. ದಿನವೂ ಮರಿಗಳ ಗುದದ್ವಾರ ನೋಡಿ, ಹಿಕ್ಕೆ ಅಂಟಿ ಗಟ್ಟಿಯಾಗಿದ್ದರೆ ಬೆಚ್ಚಗಿನ ನೀರಿನಲ್ಲಿ ನೆನೆಸಿ ತೆಗೆಯಬೇಕು. ಎಳೆದರೆ ಚರ್ಮ ಕಿತ್ತುಬರುತ್ತದೆ.

ಕೊಕ್ಕರೆ ರೋಗದ (ರಾಣಿಖೇತ್) ಮೊದಲ ಲಸಿಕೆಯನ್ನು 5ರಿಂದ 7ನೇ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿಯಾಗಿ, ಗುಂಬೋರೊ ಎಂಬ ಇನ್ನೊಂದು ಸೋಂಕುರೋಗದ ಲಸಿಕೆಯನ್ನು ಎರಡನೆಯ ವಾರದ ಹೊತ್ತಿಗೆ ಹಾಕಿಸಬೇಕು. ಲಸಿಕೆಯ ಒಂದು ಸೀಸೆ ನೂರಾರು ಮರಿಗಳಿಗೆ ಸಾಲುತ್ತದೆ, ಕಲಸಿದ ಮೇಲೆ ಹೆಚ್ಚು ಹೊತ್ತು ಉಳಿಯುವುದಿಲ್ಲ. ಓಣಿಯ ನಾಲ್ಕು ಮನೆಯವರು ಒಟ್ಟಾಗಿ ಪಶು ಆಸ್ಪತ್ರೆಯವರನ್ನು ಕೇಳಿ, ಮಂಜುಗಡ್ಡೆಯಲ್ಲಿಟ್ಟು ತರುವುದು ಉತ್ತಮ. ಮೂರನೆಯ ವಾರದಿಂದ ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ರಕ್ತಭೇದಿಯಾಗಿರಬಹುದು. ಒದ್ದೆ ಹೊಟ್ಟಿನಲ್ಲಿ ಅದು ಬೇಗ ಹರಡುವುದರಿಂದ ನೀರಿನ ತಟ್ಟೆಯ ಸುತ್ತಲಿನ ಹೊಟ್ಟನ್ನು ದಿನವೂ ಬದಲಿಸಿ, ಅಂದೇ ವೈದ್ಯರಿಗೆ ತೋರಿಸಬೇಕು.

ಬಾತುಮರಿಗೆ ಮೂಗಿನ ಹೊಳ್ಳೆ ಮುಳುಗುವಷ್ಟು ಆಳದ ನೀರಿನ ಪಾತ್ರೆ ಬೇಕು, ಆದರೆ ತಾಯಿಯಿಲ್ಲದ ಎಳೆಮರಿಯನ್ನು ಈಜಲು ಬಿಡಬಾರದು. ಹೆಬ್ಬೆರಳಿನಷ್ಟೇ ಇರುವ ಗೌಜುಗದ ಮರಿ ನೀರಿನ ತಟ್ಟೆಯಲ್ಲಿ ಮುಳುಗದಂತೆ ಅದರಲ್ಲಿ ಗೋಲಿಗಳನ್ನು ಹಾಕಿಡಬೇಕು.

ಮೈತುಂಬ ಗರಿ ಬಂದ ಮೇಲೆ, ಅಂದರೆ ಸುಮಾರು ಆರು ವಾರಕ್ಕೆ, ಬಿಸಿಲು ಏರಿದ ಬಳಿಕ ಅಂಗಳಕ್ಕೆ ಬಿಟ್ಟು, ಮುಂಗುಸಿ, ಬೆಕ್ಕು ಓಡಾಡುವ ಮುಸ್ಸಂಜೆಗೆ ಮೊದಲೇ ಎಣಿಸಿ ಗೂಡಿಗೆ ಸೇರಿಸಬೇಕು.