ಗುಜರಿ ಡ್ರಮ್, ಗೆರಟೆ ಮಸಿ: ನನ್ನ ಮೊದಲ ಸ್ಮೋಕರ್ ಕೈಗೆ ಬಂದ ಕತೆ

ಮೊನ್ನೆ ಅಕ್ಕನ ಮಗನ ಹುಟ್ಟುಹಬ್ಬಕ್ಕೆ ನಾಲ್ಕು ಕಿಲೋ ಹತ್ರದ ಹಂದಿ ಭುಜ, ಒಂದೇ ತುಂಡು, ಬೆಳಿಗ್ಗೆ ಆರಕ್ಕೆ ನನ್ನ ಡ್ರಮ್ ಸ್ಮೋಕರಿಗೆ, ಅಂದ್ರೆ ಹೊಗೆಯಲ್ಲಿ ಮಾಂಸ ನಿಧಾನ ಬೇಯಿಸುವ ಪೆಟ್ಟಿಗೆಗೆ, ಇಳಿಸಿದ್ದು ಮಧ್ಯಾಹ್ನ ಮೂರೂವರೆ ಹೊತ್ತಿಗೆ ಹೊರಗೆ ಬಂತು. ಮೂಳೆ ಹಿಡಿದು ಎಳೆದೆ, ಮೂಳೆ ಮಾತ್ರ ಕೈಗೆ ಬಂತು, ಒಂದು ಚೂರು ಮಾಂಸ ಅಂಟಿರ್ಲಿಲ್ಲ. ನೀರುದೋಸೆ ಜೊತೆ ಹದಿನೈದು ಹದಿನಾರು ಜನ ಉಂಡ್ರು, ಪಾತ್ರೆ ಖಾಲಿ. ಒಂದೂವರೆ ವರ್ಷದಿಂದ "ಇಂದ್ ಆವಂದ್ ಮಾರಾಯ" (ಇದು ಆಗುದಿಲ್ಲ ಮಾರಾಯ) ಅಂತಿದ್ದ ಭಾವ ಎರಡು ಸಲ ಹಾಕಿಸಿಕೊಂಡ್ರು. ಹಾಗಾಗಿ ಈಗ ಧೈರ್ಯವಾಗಿ ಬರೀತಿದ್ದೇನೆ. ಮೊದಲನೇ ಸ್ಮೋಕರ್ ತಗೊಳ್ಳುವವ್ರು ನಾನು ದುಡ್ಡು ಸುರಿದ ಜಾಗದಲ್ಲಿ ಮತ್ತೆ ಸುರಿಯುವುದು ಬೇಡ ಅಂತ.

ನಮ್ಮದು ಕಾಸರಗೋಡು ಜಿಲ್ಲೆಯ ಪೈವಳಿಕೆ ಕಡೆ. ಇಲ್ಲಿ ಹಂದಿ ಅಂದ್ರೆ ಸಣ್ಣ ತುಂಡು ಮಾಡಿ ಸುಕ್ಕ ಅಥವಾ ಗಸಿ, ಅಷ್ಟೇ. ಇಡೀ ಭುಜ ತುಂಡು ಮಾಡದೆ ಕೊಡಿ ಅಂದ್ರೆ ಮಾಂಸದವ್ರಿಗೂ ಆಶ್ಚರ್ಯ, ಕತ್ತಿ ಎತ್ತುವ ಮೊದ್ಲೇ ಬಾಯಿ ಬಿಟ್ಟು ಹೇಳ್ಬೇಕು, ಇಲ್ಲಾಂದ್ರೆ ಕೈ ರೂಢಿಗೆ ಕೊಚ್ಚಿಯೇ ಬಿಡ್ತಾರೆ. ನನಗೆ ಎರಡು ಸಲ ಹಾಗೇ ಆಯ್ತು.

ಸುರುವಿಗೆ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪೇ. ಆನ್‌ಲೈನಲ್ಲಿ ಪಕ್ಕದಲ್ಲಿ ಬೆಂಕಿಡಬ್ಬ ಇರುವ ಆಫ್‌ಸೆಟ್ ತರಿಸಿದೆ, ಒಂಬತ್ತು ಸಾವಿರದ ಚಿಲ್ಲರೆ ನೆನಪು, ಗಾಡಿ ಬಾಡಿಗೆ ಬೇರೆ. ಫೋಟೋದಲ್ಲಿ ಚಂದ ಉಂಟು. ತಗಡು ಎಷ್ಟು ತೆಳು ಅಂದ್ರೆ ಬೆರಳಲ್ಲಿ ಒತ್ತಿದ್ರೆ ಒಳಗೆ ಹೋಗ್ತದೆ, ಒಂದು ಮಿಲಿಮೀಟರ್ ಸಹ ಇರ್ಲಿಕ್ಕಿಲ್ಲ. ಮುಚ್ಚಳ ಕೂತಲ್ಲೆಲ್ಲಾ ಹೊಗೆ ಸೋರ್ತದೆ. ಆಫ್‌ಸೆಟ್ ಅಂದ್ರೆ ದಪ್ಪ ಕಬ್ಬಿಣ ಇರ್ಬೇಕು, ಕಾಲಿಂಚು ಇದ್ರೆ ಅದು ಬಿಸಿ ಹಿಡಿದು ನಿಲ್ತದೆ, ಇದು ಗಾಳಿ ಬಂದ್ರೆ 90 ಡಿಗ್ರಿ ಸೆಲ್ಸಿಯಸ್, ಒಂದು ಕಟ್ಟಿಗೆ ತುಂಡು ಹಾಕಿದ್ರೆ 170, ಮಧ್ಯ ಅಂತ ಇಲ್ಲ. ನಾನು ಅರ್ಧ ಗಂಟೆಗೊಮ್ಮೆ ಕಟ್ಟಿಗೆ ಹಾಕ್ತಾ ಹತ್ತು ಗಂಟೆ ಅದರ ಹತ್ರ ಕೂತಿದ್ದೇನೆ. ಮುಚ್ಚಳದ ಮೇಲಿನ ಮುಳ್ಳಿನ ಮೀಟರ್ ತೋರಿಸಿದ್ದು 110, ಮಾಂಸದ ಪಕ್ಕ ಬೇರೆ ಪ್ರೋಬ್ (ಬಿಸಿ ಅಳೆಯುವ ಕಡ್ಡಿ) ಇಟ್ಟು ನೋಡಿದ್ರೆ 140 ಹತ್ರ. ಅಂದ್ರೆ ಮೂರು ತಿಂಗಳು ನಾನು ಕುರುಡು ಲೆಕ್ಕದಲ್ಲಿ ಮಾಂಸ ಸುಟ್ಟದ್ದು. ಆ ಸಮಯದಲ್ಲಿ ಹಾಳಾದ ಮಾಂಸವೇ ನಾಲ್ಕೈದು ಸಾವಿರದ್ದು ಇದ್ದೀತು. ಕೊನೆಗೆ ಅದನ್ನು ಎರಡೂವರೆ ಸಾವಿರಕ್ಕೆ ಗ್ರಿಲ್ ಮಾಡುವ ಒಬ್ಬರಿಗೆ ಕೊಟ್ಟೆ, ಗ್ರಿಲ್ಲಿಗೆ ಅದು ಸಾಕು.

ಆದ್ರಿಂದ ನನ್ನ ಮಾತು ಇಷ್ಟೇ, ಕಮ್ಮಿ ದುಡ್ಡಿನ ಆಫ್‌ಸೆಟ್ ಬೇಡವೇ ಬೇಡ. ಮೊದಲು ದುಡ್ಡು ಹೋಗ್ಬೇಕಾದದ್ದು ಥರ್ಮೋಮೀಟರಿಗೆ. ಎರಡು ಪ್ರೋಬ್ ಇರುವಂಥದ್ದು, ಒಂದು ಮಾಂಸಕ್ಕೆ, ಒಂದು ಜಾಲರಿಗೆ. ನಾನು ಎರಡು ಸಾವಿರದ ಆಸುಪಾಸಿನಲ್ಲಿ ತಗೊಂಡೆ, ಬಂದ ಕೂಡ್ಲೇ ಕುದಿಯೋ ನೀರಲ್ಲಿ ಅದ್ದಿ ನೋಡಿದೆ, ನಮ್ಮ ಕರಾವಳಿ ಊರಲ್ಲಿ ಅದು 100 ತೋರಿಸ್ಬೇಕು, 99 ತೋರಿಸ್ತು. ಸಾಕು.

ಮತ್ತೆ ಪೆಟ್ಟಿಗೆ. ಗಾಳಿ ಎಲ್ಲಿಂದ ಒಳಗೆ ಬರ್ಬೇಕು ಅಂತ ನೀವು ಹೇಳಿದಲ್ಲಿಂದ ಮಾತ್ರ ಬರುವ ಪೆಟ್ಟಿಗೆ ಬೇಕು, ಅದು ಯಾವ ಹೆಸರಿಂದಾದ್ರೂ ಆಗ್ಲಿ. ಮಂಗಳೂರಲ್ಲಿ ನನ್ನ ದೋಸ್ತಿ ಹತ್ರ 57 ಸೆಂಟಿಮೀಟರಿನ ಕೆಟಲ್, ಅಂದ್ರೆ ಮುಚ್ಚಳ ಇರುವ ಉರುಟು ಗ್ರಿಲ್, ಉಂಟು, ಕೆಂಡ ಒಂದು ಬದಿಗೆ ಮಾಂಸ ಇನ್ನೊಂದು ಬದಿಗೆ ಇಟ್ಟು ಬಹಳ ಚಂದ ಮಾಡ್ತಾನೆ. ದುಡ್ಡಿದ್ರೆ ಅದನ್ನೇ ತಗೊಳ್ಳಿ, ಗ್ರಿಲ್ಲೂ ಆಯ್ತು ಹೊಗೆಯೂ ಆಯ್ತು. ನನ್ನ ಹತ್ರ ಆಫ್‌ಸೆಟ್ ಕೊಟ್ಟು ಬಂದ ಎರಡೂವರೆ ಸಾವಿರ, ಅದಕ್ಕೆ ಇನ್ನೊಂದು ಮೂರು ಸೇರಿಸ್ಬಹುದು ಅನ್ನೋ ಸ್ಥಿತಿ. ಹಾಗೆ ಡ್ರಮ್ಮಿಗೆ ಬಂದದ್ದು. ಗುಜರಿ ಸಾಮಾನಿನಲ್ಲಿ ಅಡುಗೆ ಎಂತದು ಅಂತ ಭಾವ ಕೇಳಿದಾಗ ನಾನು ಹೇಳಿದೆ, ನೋಡಿ ಭಾವ, ಈ ಕೆಟಲ್ ಉಂಟಲ್ಲ, ಅದನ್ನು 1952ರಲ್ಲಿ ಅಮೆರಿಕದಲ್ಲಿ ಜಾರ್ಜ್ ಸ್ಟೀಫನ್ ಅನ್ನುವವರು ಮಾಡಿದ್ದು, ಹಡಗಿನವ್ರಿಗೆ ಗುರ್ತಕ್ಕೆ ನೀರಲ್ಲಿ ತೇಲಿಬಿಡುವ ಲೋಹದ ದೊಡ್ಡ ಉಂಡೆಯನ್ನು ಅರ್ಧಕ್ಕೆ ಕತ್ತರಿಸಿ. ಭಾವ ತಲೆ ಆಡಿಸಿದ್ರು, ನಂಬಿದ ಹಾಗೆ ಕಾಣ್ಲಿಲ್ಲ.

ಉಪ್ಪಳದಲ್ಲಿ ಮೊದ್ಲು ತಂದ 200 ಲೀಟರಿನ ಡ್ರಮ್ ವೇಸ್ಟ್ ಆಯ್ತು. ಒಳಗೆ ಎಂತ ಇತ್ತು ಅಂತ ಕೊಟ್ಟವ್ರಿಗೂ ಗೊತ್ತಿಲ್ಲ, ವಾಸನೆ ನೋಡಿ ನನಗೇ ಹೆದರಿಕೆ ಆಯ್ತು, ಏಳೆಂಟು ನೂರು ಹೋಯ್ತು, ಅದರಲ್ಲಿ ಈಗ ಬಚ್ಚಲಿನ ಕಟ್ಟಿಗೆ ಇಡ್ತೇವೆ. ಎರಡನೆಯದ್ದು ಅಡುಗೆ ಎಣ್ಣೆ ಬಂದದ್ದು, ಮೇಲಿನ ಮುಚ್ಚಳ ಪೂರ್ತಿ ತೆಗೆಯುವಂಥದ್ದು, ಸಾವಿರದ ನೂರೋ ಇನ್ನೂರೋ. ಅದಕ್ಕೂ ಒಳಗೆ ಪೈಂಟಿನ ಲೇಪ ಇರ್ತದೆ, ತೋಟದ ಒಣ ಮಡಲು, ಕಟ್ಟಿಗೆ ಎಲ್ಲಾ ಹಾಕಿ ಮೂರು ಗಂಟೆ ಜೋರು ಉರಿ ಕೊಟ್ಟು, ತಣಿದ ಮೇಲೆ ತಂತಿ ಬ್ರಶ್ಶಲ್ಲಿ ಉಜ್ಜಿ, ಮತ್ತೆ ಇನ್ನೊಂದು ಸಲ ಸುಟ್ಟು, ತೆಂಗಿನೆಣ್ಣೆ ಸವರಿದೆ. ಇದನ್ನು ಅರ್ಧಂಬರ್ಧ ಮಾಡ್ಬೇಡಿ. ಜಾಲರಿಗೆ ಜಿಐ (ಸತು ಲೇಪದ ಕಬ್ಬಿಣ) ಹಾಕ್ಬೇಡಿ, ಆ ಲೇಪ ಜೋರು ಬಿಸಿಗೆ ವಿಷದ ಹೊಗೆ ಕೊಡ್ತದೆ, ಸ್ಟೈನ್‌ಲೆಸ್ ಮಾತ್ರ. ಕೆಟಲಿನ ಜಾಲರಿ ಡ್ರಮ್ಮಿಗೆ ಅಳತೆ ಮಾಡಿ ಇಟ್ಟ ಹಾಗೆ ಕೂರ್ತದೆ, ನಾನು ವೆಲ್ಡಿಂಗಿನವ್ರ ಹತ್ರವೇ ಮಾಡಿಸಿದೆ.

ಕೆಳಗೆ ಮುಕ್ಕಾಲಿಂಚಿನ ಮೂರು ತೂತು, ಒಂದಕ್ಕೆ ಬಾಲ್ ವಾಲ್ವ್, ಎರಡಕ್ಕೆ ಕ್ಯಾಪ್. ಮುಚ್ಚಳಕ್ಕೆ ಅರ್ಧ ಇಂಚಿನ ಎಂಟು ತೂತು, ಅವನ್ನು ಯಾವತ್ತೂ ಮುಚ್ಚುವುದಿಲ್ಲ. ಹೊಗೆ ಒಳಗೆ ಕೂತ್ರೆ ಮಾಂಸ ಕಹಿ, ಹಾಗಾಗಿ ಹಿಡಿತ ಎಲ್ಲಾ ಕೆಳಗಿನ ಗಾಳಿಯಲ್ಲೇ. ಕೆಂಡದ ಬುಟ್ಟಿ ತಳದಿಂದ ಮೂರು ಇಂಚು ಮೇಲೆ, ಬೂದಿ ಬೀಳ್ಲಿಕ್ಕೆ ಜಾಗ ಬೇಕಲ್ಲ. ಬುಟ್ಟಿಯಿಂದ ಜಾಲರಿಗೆ ಎರಡಡಿ ಹತ್ರ. ವೆಲ್ಡಿಂಗ್, ಜಾಲರಿ, ವಾಲ್ವ್ ಎಲ್ಲಾ ಸೇರಿ ಮೂರು ಸಾವಿರದ ಮೇಲೆ ಸ್ವಲ್ಪ. ಥರ್ಮೋಮೀಟರ್ ಬಿಟ್ಟು ಹೆಚ್ಚು ಕಮ್ಮಿ ನಾಲ್ಕೂವರೆಗೆ ಮುಗೀತು, ಹಾಳಾದ ಡ್ರಮ್ ಸೇರಿಸಿದ್ರೆ ಐದು ದಾಟ್ತದೆ.

ಈಗ ಯಾರೂ ಒಪ್ಪದ ವಿಷಯಕ್ಕೆ ಬರ್ತೇನೆ, ಗೆರಟೆ, ಅಂದ್ರೆ ತೆಂಗಿನ ಚಿಪ್ಪು. ಎಲ್ಲರೂ ಹೇಳಿದ್ದು ಬ್ರಿಕೆಟ್ (ಒತ್ತಿ ಮಾಡಿದ ಇದ್ದಿಲಿನ ಉಂಡೆ) ತಗೊ ಅಂತ. ತೆಂಗಿನ ತೋಟದ ಮಧ್ಯ ಕೂತು ಕಿಲೋಗೆ ಅಷ್ಟು ಕೊಟ್ಟು ಮಸಿ ತರ್ಸುದಾ? ನಮ್ಮ ನೆರೆಮನೆಯಲ್ಲಿ ಕೊಬ್ಬರಿ ಡ್ರೈಯರ್ ಉಂಟು, ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವ್ರ ಮಾದರಿಯದ್ದು, ಗೆರಟೆಯಲ್ಲೇ ನಡೆಯುವಂಥದ್ದು. ಗೆರಟೆಯನ್ನು ಒಂದರೊಳಗೊಂದು ಕೂರಿಸಿ ಸಾಲು ಇಟ್ಟು ಕಿಚ್ಚು ಕೊಟ್ರೆ ಯಾರೂ ಮುಟ್ಟದೆ ಸುಮಾರು ಐದು ಗಂಟೆ ಬಿಸಿ ಬರ್ತದೆ. ಅದನ್ನು ನೋಡಿಯೇ ನನಗೆ ಹೊಳೆದದ್ದು, ಬುಟ್ಟಿಯ ಅಂಚಿಗೆ ಇದೇ ಸಾಲನ್ನು ಸುತ್ತು ಬರಿಸಿ ಒಂದು ತುದಿಗೆ ಮಾತ್ರ ಬೆಂಕಿ ಕೊಟ್ರೆ?

ಮಸಿ ಮಾಡದ ಹಸಿ ಗೆರಟೆಯಲ್ಲಿ ಮೊದಲ ಸಲ ಮಾಡಿದ್ದು ಪೂರ್ತಿ ಹಾಳು. ಡ್ರೈಯರಲ್ಲಿ ಗಾಳಿ ಧಾರಾಳ, ಡ್ರಮ್ಮಲ್ಲಿ ನಾವು ಗಾಳಿ ಕಟ್ಟಿ ಹಾಕ್ತೇವೆ, ಹಾಗಾಗಿ ಗೆರಟೆ ಪೂರ್ತಿ ಉರಿಯದೆ ದಪ್ಪ ಹಳದಿ ಹೊಗೆ ಬಂತು, ಮುಚ್ಚಳದಿಂದ ಟಾರ್ ಹನಿ ಕೋಳಿ ಮೇಲೆ ಬಿತ್ತು. ಎರಡು ಕೋಳಿ ಹೋಯ್ತು, ನಾಯಿ ಸಹ ಮೂಸಿ ಬಿಟ್ಟಿತು. ಪೂರ್ತಿ ಮಸಿ ಮಾಡಿದ ಗೆರಟೆ ಹಾಕಿದೆ, ಅದು ಪುಡಿಯಾಗಿ ಸಾಲು ನಿಲ್ಲುವುದಿಲ್ಲ, ಒಟ್ಟಿಗೇ ಹತ್ಕೊಂಡು 160ಕ್ಕೆ ಹೋಯ್ತು. ಐದನೇ ಸಲವೋ ಆರನೇ ಸಲವೋ ಮಧ್ಯದ ಹದ ಸಿಕ್ಕಿತು. ಹೊಂಡದಲ್ಲಿ ಸುಟ್ಟು, ಆಕಾರ ಉಳಿಯುವಾಗಲೇ ತಗಡು ಮುಚ್ಚಿ ಮಣ್ಣು ಹಾಕ್ಬೇಕು. ಎಷ್ಟು ನಿಮಿಷಕ್ಕೆ, ಹೊಗೆಯ ಬಣ್ಣ ಹೇಗಾದಾಗ ಅನ್ನೋದು ನನ್ನ ಹತ್ರವೇ ಇರ್ಲಿ, ಅಷ್ಟು ಗೆರಟೆ ಹಾಳು ಮಾಡಿ ಕಲಿತದ್ದು. ಮೊನ್ನೆಯ ಒಂದು ಸುತ್ತು ಆರೂವರೆ ಗಂಟೆ 110ರಿಂದ 120ರ ಮಧ್ಯ ನಿಂತಿತು, ವಾಲ್ವ್ ಎರಡೇ ಸಲ ಮುಟ್ಟಿದ್ದು. ಆಮೇಲೆ ಅರ್ಧ ಸುತ್ತು ಹೊಸದು ಹಾಕಿದೆ.

ಗೇರುಬೀಜದ ಸಿಪ್ಪೆ ಮಾತ್ರ ಹತ್ರ ತರ್ಬೇಡಿ, ನಮ್ಮಲ್ಲಿ ಪುಕ್ಕಟೆ ಸಿಗ್ತದೆ ನಿಜ, ಅದರ ಎಣ್ಣೆ ಮೈಗೆ ತಾಗಿದ್ರೇ ಬೊಕ್ಕೆ ಏಳ್ತದೆ. ಹೊಗೆಗೆ ಪೇರಳೆ ಕಟ್ಟಿಗೆ ನನಗೆ ಎಲ್ಲಕ್ಕಿಂತ ಇಷ್ಟ, ಮಾವು ಎರಡನೆಯದ್ದು. ಹಲಸು ಹಾಕಿ ನೋಡಿದೆ, ಬಣ್ಣ ಚಂದ ಬಂತು, ರುಚಿ ಸಪ್ಪೆ. ಅಡಿಕೆ ಸಿಪ್ಪೆಯಲ್ಲಿ ಬಂಗುಡೆಗೆ ಹೊಗೆ ಕೊಟ್ಟದ್ದು ಬೇರೆಯೇ ಕತೆ, ಉಪ್ಪುನೀರಲ್ಲಿ ಒಂದು ಗಂಟೆ ಇಟ್ಟು ಗಾಳಿಗೆ ಒಣಗಿಸಿ 90ರಲ್ಲಿ ಒಂದು ಗಂಟೆ ಬೇಯಿಸಿ, ಮರುದಿನ ಅಮ್ಮ ಅದನ್ನೇ ಪುಳಿಮುಂಚಿ ಮಾಡಿದ್ರು. ಆ ಸಾರಿನ ಪರಿಮಳ ನೆನೆದ್ರೆ ಈಗಲೂ ಬಾಯಲ್ಲಿ ನೀರು ಬರ್ತದೆ. ಕೊಡಗಿನಲ್ಲಿ ಒಲೆ ಮೇಲೆ ಹಂದಿ ಮಾಂಸ ಕಟ್ಟಿ ವಾರಗಟ್ಟಲೆ ಹೊಗೆಗೆ ಒಣಗಿಸುವ ಕ್ರಮ ಉಂಟು, ನಮ್ಮ ಈ ತೇವದಲ್ಲಿ ಹೊಸಬರು ಅದಕ್ಕೆ ಕೈ ಹಾಕುವುದು ಬೇಡ. ಬಿಸಿ ಹೊಗೆಯಲ್ಲೇ ಮಾಡಿ, ನಾಲ್ಕು ಗಂಟೆಯೊಳಗೆ ಮಾಂಸದ ಒಳಗೆ 60 ದಾಟ್ಬೇಕು. ಕೋಳಿ ಆದ್ರೆ 74 ಬಂದ ಮೇಲೆಯೇ ತೆಗೀರಿ.

ಭುಜದಲ್ಲಿ ಎಲ್ಲರೂ ಸೋಲುವುದು ಮಾಂಸದ ಒಳಗಿನ ಬಿಸಿ 70ರ ಹತ್ರ ಬಂದಾಗ. ಮೇಲೆ ಹೋಗುದೇ ಇಲ್ಲ, ಒಂದೊಂದು ಸಲ ಎರಡೂವರೆ ಮೂರು ಗಂಟೆ ಅಲ್ಲೇ. ಮಾಂಸದ ನೀರು ಆವಿಯಾಗ್ತಾ ತಂಪು ಮಾಡ್ತಾ ಇರ್ತದೆ, ನಮ್ಮ ಬೆವರಿನ ಹಾಗೆ. ನಾನು ಮೊದ್ಲು ಬೆಂಕಿ ಸತ್ತಿತು ಅಂತ ಮುಚ್ಚಳ ತೆಗೆದೆ, ಗಾಳಿ ನುಗ್ಗಿ ಭಗ್ಗಂತ ಹತ್ಕೊಂಡಿತು, ಮೇಲೆ ಕರಿ, ಒಳಗೆ ರಬ್ಬರ್. ಈಗ ಆ ಹೊತ್ತಿಗೆ ಬಾಡಿಸಿದ ಬಾಳೆಲೆ ಮೂರು ಪದರ ಸುತ್ತಿ ಕಟ್ತೇನೆ, ಫಾಯಿಲಿಗಿಂತ ಒಳ್ಳೆದು, ಮೇಲಿನ ಸಿಪ್ಪೆ ಮೆತ್ತಗಾಗುದಿಲ್ಲ. ಒಳಗೆ 94, 95 ಬಂದ ಮೇಲೆ ಕಡ್ಡಿ ಬೆಣ್ಣೆಗೆ ಹೋದ ಹಾಗೆ ಹೋಗ್ಬೇಕು, ಆಗ ತೆಗೆದು ಒಂದು ಗಂಟೆ ಸುಮ್ನೆ ಇಡಿ. ಮಸಾಲೆಗೆ ಬಫಾತ್ ಪುಡಿ (ಮಂಗಳೂರು ಕಡೆಯ ಕ್ರಿಶ್ಚಿಯನ್ನರ ಖಾರದ ಪುಡಿ), ಉಪ್ಪು, ಬೆಲ್ಲ, ಮತ್ತೆ ಇನ್ನೊಂದು ಸಾಮಾನು, ಅದನ್ನು ಅಕ್ಕನಿಗೂ ಹೇಳ್ಲಿಲ್ಲ.

ಬಿಸಿ ಏರಿದ್ರೆ ಡ್ರಮ್ ಇಳೀಲಿಕ್ಕೆ ಒಂದು ಗಂಟೆ ಬೇಕು, ಹಾಗಾಗಿ 90 ಆಗುವಾಗಲೇ ಎರಡೂ ಕ್ಯಾಪ್ ಹಾಕಿ ವಾಲ್ವ್ ಅರ್ಧ ಮಾಡಿ.

ಮಳೆಗಾಲದ್ದು ಒಂದು ಹೇಳ್ಬೇಕು. ಹೋದ ಆಟಿ ತಿಂಗಳ ಜೋರು ಮಳೆಯಲ್ಲಿ ನಾನು ಹಟ್ಟಿ ಪಕ್ಕ ಹಾಗೇ ಬಿಟ್ಟಿದ್ದೆ, ತಳಕ್ಕೆ ತುಕ್ಕು ಹಿಡಿದು ಒಂದು ಕಡೆ ಪುಡಿ ಉದುರ್ಲಿಕ್ಕೆ ಸುರುವಾಗಿತ್ತು. ಈ ಸಲ ಬೂದಿ ಪೂರ್ತಿ ತೆಗೆದು, ಎಣ್ಣೆ ಸವರಿ, ನಾಲ್ಕು ಕೆಂಪುಕಲ್ಲಿನ ಮೇಲೆ ಕವುಚಿ ಇಟ್ಟಿದ್ದೇನೆ, ಗೆರಟೆ ಮಸಿ ಮುಚ್ಚಳ ಇರುವ ಪೈಂಟ್ ಬಕೆಟಲ್ಲಿ. ಹಳೇ ಬಕೆಟ್ ಪೈಂಟ್ ಅಂಗಡಿಯಲ್ಲಿ ಐವತ್ತು ರೂಪಾಯಿಗೆ ಸಿಗ್ತದೆ, ಎರಡು ತಗೊಳ್ಳಿ.