ದ್ರಾಕ್ಷಿ ಬಳ್ಳಿಗೆ ಚಳಿ ತಡೆಯುವ ಬಲ ಬರುವುದು ಬೇಸಿಗೆಯಲ್ಲಿ

ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ನಮ್ಮ ತೋಟ. ಥಾಮ್ಸನ್ ಸೀಡ್‌ಲೆಸ್ ತಳಿ, ಬೆಳೆದದ್ದೆಲ್ಲ ಒಣದ್ರಾಕ್ಷಿಗೆ. ಚಳಿ ಬಿದ್ದಾಗ ಏನು ಹೊಡೆಯಬೇಕು ಎಂದು ಹೊಸ ಬೆಳೆಗಾರರು ಕೇಳುತ್ತಾರೆ. ಏಪ್ರಿಲ್ ಚಾಟ್ನಿಯ (ಕಡ್ಡಿ ಸವರುವುದರ) ನಂತರ ಬಳ್ಳಿಯನ್ನು ಹೇಗೆ ನೋಡಿಕೊಂಡಿರಿ ಎಂದು ನಾನು ತಿರುಗಿ ಕೇಳುತ್ತೇನೆ.

ಆಗ ಬರುವ ಎಲೆಗಳೇ ಕಡ್ಡಿಗೂ ಕಾಂಡಕ್ಕೂ ಪಿಷ್ಟ ತುಂಬುತ್ತವೆ. ಅಕ್ಟೋಬರ್ ಚಾಟ್ನಿಯಾದ ಮೇಲೆ ಕಣ್ಣು ಒಡೆಯುವುದೂ ಬಳ್ಳಿ ಚಳಿ ತಡೆಯುವುದೂ ಆ ದಾಸ್ತಾನಿನಿಂದಲೇ. ಅದಕ್ಕೇ ಮಳೆಗಾಲದಲ್ಲಿ ಒಂದು ಎಲೆಯೂ ರೋಗದಿಂದ ಉದುರದಂತೆ ಕಾಯುತ್ತೇನೆ. ಕಡ್ಡಿಯನ್ನು ಅಡ್ಡ ಕತ್ತರಿಸಿದಾಗ ಒಳತಿರುಳು ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಬಲಿತ ಕಡ್ಡಿ. ಹಸಿರಾಗಿದ್ದರೆ ಅದರಲ್ಲಿ ಗೊನೆ ಬರುತ್ತದೆಂದು ನೆಚ್ಚುವಂತಿಲ್ಲ.

ಈಗಿನ ದೊಡ್ಡ ಚಿಂತೆ ಚಾಟ್ನಿಯ ದಿನ. ಹಿಂಗಾರು ಮಳೆ ನವೆಂಬರಿಗೂ ಜಗ್ಗುತ್ತಿದೆ. ಬೇಗ ಚಾಟ್ನಿ ಮಾಡಿದರೆ ಹೂಗೊನೆಗೆ ದಾವಣಿ ರೋಗ (ಡೌನಿ ಮಿಲ್ಡ್ಯೂ). ತಡ ಮಾಡಿದರೆ ಕಾಳು ಉಬ್ಬುವ ಹೊತ್ತಿಗೆ ಚಳಿ ಹಿಡಿದು ಗಾತ್ರ ಬರುವುದಿಲ್ಲ. ಹೀಗಾಗಿ ತೋಟವನ್ನು ಎರಡು ಪಾಲು ಮಾಡಿ, ನಡುವೆ ಅಂತರ ಬಿಟ್ಟು ಚಾಟ್ನಿ ಮಾಡಿಸುತ್ತೇನೆ. ಆಳಿನ ಖರ್ಚು ಹೆಚ್ಚು, ನಿಜ. ಆದರೆ ಒಂದೇ ಮಳೆಗೆ ಇಡೀ ತೋಟ ಹೋಗುವುದಿಲ್ಲ.

ದಾವಣಿಗೆ ಬೇಕಾದದ್ದು ಎಲೆಯ ಮೇಲೆ ಕೆಲ ತಾಸು ನಿಂತ ನೀರು. ಬೀಜಕಣಗಳು ಆ ನೀರಿನಲ್ಲೇ ಈಜಿ ಎಲೆಯ ರಂಧ್ರ ಹೊಗುತ್ತವೆ. ಮೇಲೆ ಎಣ್ಣೆ ಕಲೆ, ಮಗುಚಿದರೆ ಬಿಳಿ ಬೂಷ್ಟು. ಹೆಚ್ಚುವರಿ ಚಿಗುರು ತೆಗೆದು ಚಪ್ಪರದಡಿ ಗಾಳಿಯಾಡುವಂತೆ ಮಾಡಿದರೆ ಇಬ್ಬನಿ ಬೇಗ ಆರುತ್ತದೆ. ನನ್ನ ಮಟ್ಟಿಗೆ ಇದು ಯಾವ ಔಷಧಿಗೂ ಕಡಿಮೆಯಲ್ಲ.

ಚಾಟ್ನಿ ಮುಗಿದ ಕೂಡಲೇ ಕಾಂಡ, ಕಡ್ಡಿ ತೋಯುವಂತೆ ಶೇ. 1ರ ಬೋರ್ಡೋ ದ್ರಾವಣ: 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಹೊಡೆಯುವ ಮುಂಚೆ ಕಬ್ಬಿಣದ ಚಾಕು ಅದ್ದಿ ನೋಡಿ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ತಂಪು ಹವೆಯಲ್ಲಿ ಎಳೆ ಚಿಗುರಿಗೆ ಇದನ್ನು ಹೊಡೆಯಬೇಡಿ, ಸುಟ್ಟೀತು.

ಬೂದಿ ರೋಗದ ಸ್ವಭಾವ ಬೇರೆ, ಅದಕ್ಕೆ ಎಲೆ ತೋಯಬೇಕಿಲ್ಲ. ನೀರಲ್ಲಿ ಕರಗುವ ಗಂಧಕ ಒಳ್ಳೆಯದೇ, ಆದರೆ ಕೊರೆವ ಚಳಿಯಲ್ಲಿ ಅದರ ಶಕ್ತಿ ಕುಗ್ಗುತ್ತದೆ. ಜನವರಿಯಲ್ಲಿ ಬಿಸಿಲೇರಿದ ಮೇಲೆಯೇ ಪಂಪು ಹೊರುತ್ತೇವೆ. ಉದುರಿದ ರೋಗದ ಎಲೆಗಳನ್ನು ಚಪ್ಪರದಡಿ ಬಿಡದೆ ಗುಡಿಸಿ ಹೂಳಿಸುತ್ತೇನೆ, ದಾವಣಿ ಮುಂದಿನ ಮಳೆಯವರೆಗೆ ಬದುಕಿರುವುದು ಅವುಗಳಲ್ಲೇ.