ಕಳೆದುಹೋದ ಗೆಳತಿಯನ್ನು ಹುಡುಕುವುದು ಹೇಗೆ?

ನಮ್ಮಮ್ಮ 1968ರಲ್ಲಿ ಧಾರವಾಡದಲ್ಲಿ ಟೀಚರ್ ಟ್ರೈನಿಂಗ್ ಮಾಡಿದವರು. ಒಂದೇ ಕೋಣೆಯಲ್ಲಿದ್ದ ಗೆಳತಿಗೆ ಮದುವೆಯಾದ ಮೇಲೆ ಪತ್ರಗಳು ನಿಂತುಹೋದವು. "ಅವಳು ಹೇಗಿದ್ದಾಳೆ ಅಂತ ತಿಳಿದರೆ ಸಾಕಿತ್ತು ನೋಡು" ಅಂತ ಕಳೆದ ವರ್ಷ ಒಂದು ಸಂಜೆ ಅಂದರು. ದಾವಣಗೆರೆಯ ನಮ್ಮ ಮನೆಯಿಂದಲೇ ಹುಡುಕಿದೆ. ನಡುವೆ ನಾಲ್ಕೇ ಜನ, ಆಕೆ ಸಿಕ್ಕರು. ನೀವೂ ಯಾರನ್ನಾದರೂ ಹುಡುಕುತ್ತಿದ್ದರೆ ಹೀಗೆ ಮಾಡಿ.

ಎಲ್ಲರಿಗೂ ಒಟ್ಟಿಗೆ ಕಳಿಸಬೇಡಿ. ನಾನು ಮೊದಲು ಹಳೇ ಫೋಟೋವನ್ನು ನೆಂಟರ ವಾಟ್ಸ್ಆಪ್ ಗುಂಪಿಗೆ ಹಾಕಿದ್ದೆ. ಕೈ ಮುಗಿಯುವ ಚಿತ್ರಗಳು ಬಂದವು, ಅಷ್ಟೇ. ನೂರಾರು ಜನರಿಗೆ ಕೇಳಿದ ಮಾತು ಯಾರೊಬ್ಬರಿಗೂ ಕೇಳಿದ ಹಾಗಿರುವುದಿಲ್ಲ. ಅದೂ ಅಲ್ಲದೆ ನನ್ನ ನೆಂಟರಿಗೆ ಗೊತ್ತಿರುವವರು ಬಹುಪಾಲು ನನಗೂ ಗೊತ್ತಿರುವವರೇ.

ಬದಲಿಗೆ ಒಂದು ಚೀಟಿ ಬರೆಯಿರಿ. ಬರೀ ಹೆಸರು ಸಾಲದು. ಯಲ್ಲಾಪುರದ ಕಡೆ "ಹೆಗಡೆ" ಅಂತ ಕೂಗಿದರೆ ಊರಿಗೆ ಊರೇ ತಿರುಗಿ ನೋಡುತ್ತದೆ. ಹೆಣ್ಣುಮಕ್ಕಳನ್ನು ಹುಡುಕುವಾಗಲಂತೂ ತವರೂರು, ಅಪ್ಪನ ಹೆಸರು, ಓದಿದ ಜಾಗ, ಇಸವಿ, ಗಂಡನ ಕೆಲಸ, ಇವೆಲ್ಲ ಬೇಕು. ಅಮ್ಮನಿಗೆ ನೆನಪಿದ್ದದ್ದು ಎರಡು ಎಳೆ: ತವರು ಯಲ್ಲಾಪುರದ ಹತ್ತಿರ, ಗಂಡನಿಗೆ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಕೆಲಸ.

ಈಗ ಆ ಊರಿಗೋ ಆ ಕೆಲಸಕ್ಕೋ ನಿಮಗಿಂತ ಒಂದು ಹೆಜ್ಜೆ ಹತ್ತಿರ ಇರುವ ಒಬ್ಬರನ್ನು ಯೋಚಿಸಿ. ಅವರು ನಿಮಗೆ ಆಪ್ತರಾಗಿರಬೇಕು ಅಂತೇನಿಲ್ಲ. ನನಗೆ ಹೊಳೆದದ್ದು ನಮ್ಮ ಎಲ್‌ಐಸಿ ಏಜೆಂಟರು. ಅವರ ಹೆಂಡತಿಯ ತವರು ಹಳಿಯಾಳ. ಅಲ್ಲಿಂದ ಚೀಟಿ ದಾಂಡೇಲಿಯಲ್ಲಿ ಔಷಧಿ ಅಂಗಡಿ ಇಟ್ಟಿರುವ ಅವರ ಭಾಮೈದನಿಗೆ ಹೋಯಿತು. ಅವರಿಂದ ಕಾರ್ಖಾನೆಯ ನಿವೃತ್ತ ಗುಮಾಸ್ತರೊಬ್ಬರಿಗೆ, ಗುಮಾಸ್ತರಿಂದ ಪುಣೆಯಲ್ಲಿರುವ ಆ ಗೆಳತಿಯ ಮಗನಿಗೆ.

ಇದು ನನ್ನ ಅದೃಷ್ಟ ಮಾತ್ರ ಅಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಮ್ 1960ರ ದಶಕದಲ್ಲಿ ಇದನ್ನೇ ಪರೀಕ್ಷಿಸಿದ್ದರು. ಜೆಫ್ರಿ ಟ್ರಾವರ್ಸ್ ಜೊತೆ ಅವರು 1969ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ. ನೆಬ್ರಾಸ್ಕ ಮತ್ತು ಬಾಸ್ಟನ್ ಕಡೆಯ 296 ಜನರಿಗೆ ಒಂದೊಂದು ಲಕೋಟೆ ಕೊಟ್ಟರು. ಅದು ಬಾಸ್ಟನ್ನಿನಲ್ಲಿ ಕೆಲಸ ಮಾಡುವ ಒಬ್ಬ ಷೇರು ದಲ್ಲಾಳಿಗೆ ತಲುಪಬೇಕು. ಆತನ ಪರಿಚಯ ಇಲ್ಲದಿದ್ದರೆ ನೇರ ಕಳಿಸುವ ಹಾಗಿಲ್ಲ. ಆತನಿಗೆ ಹತ್ತಿರವಿರಬಹುದಾದ, ತಮಗೆ ಚೆನ್ನಾಗಿ ಗೊತ್ತಿರುವ ಒಬ್ಬರಿಗೆ ಕೊಡಬೇಕು. 64 ಲಕೋಟೆ ತಲುಪಿದವು. ನಡುವೆ ಇದ್ದವರು ಸರಾಸರಿ ಐದು ಜನ ಮಾತ್ರ!

ಎಲ್ಲರೂ ಆ ಐದನ್ನೇ ಹೇಳುತ್ತಾರೆ. ನನ್ನ ಮನಸ್ಸು ನಿಂತದ್ದು ತಲುಪದ ಲಕೋಟೆಗಳ ಮೇಲೆ. 296 ಜನರಲ್ಲಿ ಮುಂದೆ ಕಳಿಸಿದವರೇ 217. 2003ರಲ್ಲಿ ಸಮಾಜಶಾಸ್ತ್ರಜ್ಞ ಡಂಕನ್ ವಾಟ್ಸ್ ಮತ್ತು ಜೊತೆಯವರು ಇದೇ ಪರೀಕ್ಷೆಯನ್ನು ಇಮೇಲ್ ಮೂಲಕ ನಡೆಸಿದ ಲೆಕ್ಕ ಕೊಟ್ಟರು. 24,163 ಸರಪಳಿ ಶುರುವಾಗಿ, 384 ಮಾತ್ರ ಕೊನೆ ಮುಟ್ಟಿದವು. ದಾರಿ ಇರಲಿಲ್ಲ ಅನ್ನುವುದಕ್ಕಿಂತ, ಜನರಿಗೆ ಮುಂದೆ ಕಳಿಸುವ ಆಸಕ್ತಿ ಇರಲಿಲ್ಲ ಅಂತ ಅವರಿಗೆ ಕಂಡಿತು. ಯಾರದೋ ಮೇಜಿನ ಮೇಲೆ ಸುಮ್ನೆ ಉಳಿದುಬಿಟ್ಟವು, ಅಲ್ವಾ?

ನಮ್ಮ ಚೀಟಿಯೂ ಔಷಧಿ ಅಂಗಡಿಯಲ್ಲಿ ಹನ್ನೊಂದು ದಿನ ನಿಂತಿತ್ತು. ಪಾಪ, ಅವರಿಗೆ ಅಂಗಡಿಯ ಗದ್ದಲ. ಹಾಗಾಗಿ ಚೀಟಿ ಈಗ ಯಾರ ಕೈಯಲ್ಲಿದೆ ಅನ್ನುವುದು ಸದಾ ಗೊತ್ತಿರಲಿ. ಮಿಲ್‌ಗ್ರಾಮ್ ಕೂಡ ಲಕೋಟೆಯ ಜೊತೆ ಕಾರ್ಡುಗಳನ್ನು ಇಟ್ಟಿದ್ದರು. ಪ್ರತಿಯೊಬ್ಬರೂ ದಾಟಿಸುವಾಗ ಒಂದನ್ನು ಅಂಚೆಗೆ ಹಾಕಬೇಕಿತ್ತು. ನೀವು "ಯಾರಿಗೆ ಕೊಟ್ಟಿರಿ ಅಂತ ಒಂದು ಮಾತು ತಿಳಿಸಿ" ಅನ್ನಿ. ವಾರ ಕಳೆದರೆ ಮೆಸೇಜ್ ಬೇಡ, ಫೋನ್ ಮಾಡಿ. "ಆಕೆ ಗೊತ್ತಾ?" ಅಂತಲೂ ಕೇಳಬೇಡಿ. "ಗೊತ್ತಿಲ್ಲ" ಅಂದರೆ ಮಾತು ಮುಗಿದೇ ಹೋಯಿತು. "ಯಾರನ್ನು ಕೇಳಿದರೆ ಗೊತ್ತಾಗಬಹುದು?" ಅನ್ನಿ. ನಾನು ಹಾಗೆ ಕೇಳಿದ ಮೇಲೆಯೇ ಅಂಗಡಿಯವರಿಗೆ ದಿನಾ ಬಿಪಿ ಮಾತ್ರೆಗೆ ಬರುವ ಗುಮಾಸ್ತರು ನೆನಪಾದದ್ದು.

ಇನ್ನೊಂದನ್ನು ದಯವಿಟ್ಟು ಪಾಲಿಸಿ. ಆ ಕಡೆಯವರ ನಂಬರ್ ಕೇಳಬೇಡಿ, ನಿಮ್ಮ ನಂಬರ್ ಕಳಿಸಿ. ಮಾತಾಡಬೇಕೋ ಬೇಡವೋ ಅವರಿಗೆ ಬಿಟ್ಟದ್ದು. ನಾವು ಒಂಬತ್ತು ದಿನ ಕಾದೆವು. ಹತ್ತನೆಯ ದಿನ ಫೋನ್ ಬಂತು. ಆ ಕಡೆಯಿಂದ ಮೊದಲ ಪ್ರಶ್ನೆ, "ಬಾವಿಗೆ ಬಿದ್ದ ನನ್ನ ತಂಬಿಗೆ ಕಡೆಗೂ ಸಿಕ್ಕಿತೇನೇ?" ಅಮ್ಮ ಅಳುತ್ತಲೇ ನಗುತ್ತಿದ್ದರು.

ಸಿಕ್ಕ ಮೇಲೆ ನಡುವಿನ ಪ್ರತಿಯೊಬ್ಬರಿಗೂ ಫೋನ್ ಮಾಡಿ ಹೇಳಿ. ತಾವು ದಾಟಿಸಿದ್ದು ಎಲ್ಲಿಗೆ ಮುಟ್ಟಿತು ಅಂತ ಅವರಿಗೆ ಬೇರೆ ಹೇಗೆ ತಿಳಿಯಬೇಕು? ನಾನು ಹೇಳಿದಾಗ ಗುಮಾಸ್ತರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ತಮಗೆ ಕೆಲಸ ಕಲಿಸಿದ ಒಬ್ಬರು ಹರಿಹರದ ಕಡೆಯವರು, ವಿಚಾರಿಸಲು ಆಗುತ್ತದೆಯೇ ಅಂದರು. ಹರಿಹರ ನಮಗೆ ಹತ್ತಿರವೇ. ಭಾನುವಾರ ಹೋಗುತ್ತಿದ್ದೇನೆ.